ಮೂತಿ ತಗ್ಗಿಸಿದ ಮಿಗ್: ಆಕಾಶಕ್ಕೆಂದು ಹುಟ್ಟಿದ ಫೈಟರ್ ನೆಲದಾಳಿಗೆ ಇಳಿದದ್ದು ಹೇಗೆ

ಸೋವಿಯತ್ ಒಕ್ಕೂಟದ ಯುದ್ಧವಿಮಾನಗಳಾದ ಮಿಗ್-23 ಮತ್ತು ಮಿಗ್-27ರ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿ. ಹಿಂದಕ್ಕೂ ಮುಂದಕ್ಕೂ ಸರಿಯುವ ರೆಕ್ಕೆ ಎರಡರಲ್ಲೂ ಅದೇ. ಬಾಲ ಅದೇ. ನೆಲಕ್ಕಿಳಿಯುವಾಗ ಪಕ್ಕಕ್ಕೆ ಮಡಚಿಕೊಳ್ಳುವ, ಹೊಟ್ಟೆಯಡಿಯ ಕಿರುರೆಕ್ಕೆಯೂ ಅದೇ. ಬೇರೆಯಾಗಿರುವುದು ಮೂತಿ. ಮಿಗ್-23ರ ಮೂತಿ ದಪ್ಪಗೆ, ದುಂಡಗೆ, ಮುಂದಕ್ಕೆ ಚಾಚಿಕೊಂಡಿದೆ. ಮಿಗ್-27ರ ಮೂತಿ ಕಾಕ್‌ಪಿಟ್ ಗಾಜಿನ ಬುಡದಿಂದಲೇ ಕೆಳಕ್ಕೆ ಜಾರಿ, ಬಡಗಿಯ ಉಳಿಯ ಹಾಗೆ ತುದಿಯಲ್ಲಿ ಚಪ್ಪಟೆಯಾಗಿದೆ. ಅದನ್ನು ಹಾರಿಸಿದವರು, ರಿಪೇರಿ ಮಾಡಿದವರು ಅದಕ್ಕೆ ಬಾತುಕೋಳಿ ಕೊಕ್ಕಿನ ಹೋಲಿಕೆ ಕೊಟ್ಟರು.

ಆ ಇಳಿಜಾರನ್ನು ಅಂದಕ್ಕಾಗಿ ಕೊಟ್ಟದ್ದಲ್ಲ. ಆಕಾಶದಲ್ಲಿ ಶತ್ರು ವಿಮಾನ ಹುಡುಕಲೆಂದು ಹುಟ್ಟಿದ ಯಂತ್ರವನ್ನು ನೆಲದ ಮೇಲಿನ ಟ್ಯಾಂಕು, ಸೇತುವೆ, ಫಿರಂಗಿ ಸಾಲುಗಳನ್ನು ಹೊಡೆಯುವ ಕೆಲಸಕ್ಕೆ ತಿರುಗಿಸುವಾಗ ಎಂಜಿನಿಯರುಗಳು ಮೊದಲು ಕೈಹಾಕಿದ್ದೇ ಅಲ್ಲಿಗೆ. ಇಂಥ ಮಾರ್ಪಾಡು ಎಂದರೆ ಇದ್ದ ವಿಮಾನಕ್ಕೆ ಒಂದಷ್ಟು ಬಾಂಬು ನೇತುಹಾಕುವುದು ಎಂದು ನಾನೂ ಬಹುಕಾಲ ತಿಳಿದಿದ್ದೆ. ಈ ಎರಡು ಮಿಗ್‌ಗಳನ್ನು ಬಿಡಿಬಿಡಿಯಾಗಿ ಅರ್ಥ ಮಾಡಿಕೊಳ್ಳುತ್ತ ಹೋದಂತೆ ಬೇರೆಯದೇ ತಿಳಿಯಿತು. ಇಲ್ಲಿ ಸೇರಿಸಿದ್ದಕ್ಕಿಂತ ಬಿಟ್ಟುಕೊಟ್ಟದ್ದು ಮುಖ್ಯ. ಏನನ್ನು ಬಿಡಬಹುದು, ಬಿಟ್ಟದ್ದಕ್ಕೆ ಪ್ರತಿಯಾಗಿ ಏನು ಸಿಗುತ್ತದೆ ಎಂಬ ಲೆಕ್ಕವೇ ಈ ವಿನ್ಯಾಸದ ಜೀವ.

ಮೊದಲು ಬಿಟ್ಟದ್ದು ರಾಡಾರ್. ಮಿಗ್-23ರ ಮೂತಿ ಅಷ್ಟು ದಪ್ಪ ಇದ್ದದ್ದು ಒಳಗೆ ಸಪ್‌ಫೀರ್ ಎಂಬ ರಾಡಾರಿನ ತಟ್ಟೆ ಕೂರಬೇಕಿತ್ತು ಎಂಬ ಕಾರಣಕ್ಕೆ. ಹತ್ತಾರು ಕಿಲೋಮೀಟರ್ ದೂರದ ವಿಮಾನವನ್ನು ಹಿಡಿಯಲು ಅದು ಬೇಕೇ ಬೇಕು. ಆದರೆ ಆ ಕಾಲದ ಫೈಟರ್ ರಾಡಾರ್ ನೆಲದತ್ತ ತಿರುಗಿದರೆ ಹೊಲ, ಗುಡ್ಡ, ಮನೆ, ಮರ ಎಲ್ಲದರಿಂದಲೂ ಪ್ರತಿಧ್ವನಿ ಬಂದು ಪರದೆ ಕಲಸಿಹೋಗುತ್ತಿತ್ತು. ಮರದಡಿ ನಿಂತ ಟ್ಯಾಂಕನ್ನು ಅದು ತೋರಿಸಲಾರದು. ಅದನ್ನು ಪೈಲಟ್ ಕಣ್ಣಾರೆ ನೋಡಬೇಕು. ಅಷ್ಟು ದಪ್ಪ ಮೂತಿ ಎದುರಿಗಿದ್ದರೆ ನೋಡುವುದಾದರೂ ಹೇಗೆ?

ಒಂದು ಲೆಕ್ಕ ಹಾಕೋಣ. ವಿಮಾನ ನೆಲದಿಂದ 1000 ಮೀಟರ್ ಎತ್ತರದಲ್ಲಿ, ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಹಾರುತ್ತಿದೆ. ಎಂದರೆ ಸೆಕೆಂಡಿಗೆ 250 ಮೀಟರ್. ಬಾಂಬ್ ಕಳಚಿದರೆ ಅದು ಕಲ್ಲಿನಂತೆ ನೆಟ್ಟಗೆ ಕೆಳಗೆ ಬೀಳುವುದಿಲ್ಲ. ವಿಮಾನದ ವೇಗವನ್ನೇ ಹೊತ್ತುಕೊಂಡು ಮುಂದೆ ಮುಂದೆ ಸಾಗುತ್ತ ಇಳಿಯುತ್ತದೆ. 1000 ಮೀಟರ್ ಬೀಳಲು ಸುಮಾರು 14.3 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಮೂರೂವರೆ ಕಿಲೋಮೀಟರಿಗಿಂತ ತುಸು ಹೆಚ್ಚೇ ಮುಂದೆ ಹೋಗಿರುತ್ತದೆ. ಹಾಗಾಗಿ ಬಾಂಬ್ ಬಿಡುವ ಕ್ಷಣದಲ್ಲಿ ಗುರಿ ಅಷ್ಟು ದೂರ ಮುಂದಿದ್ದು, ಪೈಲಟ್‌ನ ದೃಷ್ಟಿಗೆ ಅಡ್ಡಗೆರೆಗಿಂತ ಸುಮಾರು 16 ಡಿಗ್ರಿ ಕೆಳಗೆ ಕಾಣಬೇಕು. ವಿಮಾನ ಹಾರುವಾಗ ಮೂತಿಯನ್ನು ತುಸು ಎತ್ತಿಕೊಂಡೇ ಇರುತ್ತದೆ. ಬಾಂಬಿನ ಭಾರ ಹೆಚ್ಚಿದಷ್ಟೂ ಇನ್ನೂ ಎತ್ತುತ್ತದೆ. ಮೂತಿ ಉದ್ದವಾಗಿ ದಪ್ಪವಾಗಿದ್ದರೆ, ಗುರಿ ಅತ್ಯಂತ ಸ್ಪಷ್ಟವಾಗಿ ಕಾಣಬೇಕಾದ ಹೊತ್ತಿಗೆ ಸರಿಯಾಗಿ ಅದರಡಿ ಮರೆಯಾಗುತ್ತದೆ.

ಉಳಿಯಂಥ ಮೂತಿಗೆ ಇದೇ ಕಾರಣ. ರಾಡಾರ್ ತೆಗೆದು, ಮೂತಿಯನ್ನು ಕೆಳಕ್ಕೆ ಕೊರೆದು, ಪೈಲಟ್‌ಗೆ ಮುಂದಿನ ಕೆಳನೋಟವನ್ನು ತೆರೆದುಕೊಟ್ಟರು. ಆ ದಿನದಿಂದ ಈ ವಿಮಾನ ತನ್ನ ಬಲದಿಂದಲೇ ಶತ್ರು ವಿಮಾನವನ್ನು ದೂರದಿಂದ ಕಾಣುವ ಶಕ್ತಿ ಕಳೆದುಕೊಂಡಿತು. ಅದನ್ನು ಕಾಯಲು ಬೇರೆ ಫೈಟರ್‌ಗಳು ಮೇಲೆ ಹಾರಬೇಕಾಯಿತು.

ಹೊಸ ವಿಮಾನವನ್ನೇ ಮಾಡಬಹುದಿತ್ತಲ್ಲ ಎಂದು ಕೇಳಬಹುದು. ಹೊಸ ವಿಮಾನ ಎಂದರೆ ಕಾಗದದ ಮೇಲಿನ ನಕ್ಷೆಯಷ್ಟೇ ಅಲ್ಲ. ಹೊಸ ಅಚ್ಚುಗಳು, ಹೊಸ ಬಿಡಿಭಾಗಗಳ ಗೋದಾಮು, ಮತ್ತೆ ಮೊದಲಿಂದ ಕಲಿಯಬೇಕಾದ ಮೆಕ್ಯಾನಿಕ್‌ಗಳು, ವರ್ಷಗಟ್ಟಲೆ ಪರೀಕ್ಷಾ ಹಾರಾಟ. ಮಿಗ್-23ರ ಮೊದಲ ಸರಿಯುವ ರೆಕ್ಕೆಯ ಮಾದರಿ ಹಾರಿದ್ದು 1967ರಲ್ಲಿ. ಅದರಿಂದ ಹುಟ್ಟಿದ ನೆಲದಾಳಿ ಮಾದರಿ 1970ರಲ್ಲೇ ಹಾರಿತು. ಅಷ್ಟು ಬೇಗ ಆದದ್ದು ಮುಕ್ಕಾಲು ಪಾಲು ವಿಮಾನ ಆಗಲೇ ಕೈಯಲ್ಲಿದ್ದುದರಿಂದ.

ರಾಡಾರ್ ಬಿಟ್ಟು ಬದುಕಿದ ಇನ್ನೊಂದು ವಿಮಾನವೂ ಅದೇ ಹೊತ್ತಿನದು. ಇಸ್ರೇಲ್ ತನ್ನ ಮಿರಾಜ್-3 ಫೈಟರ್‌ಗಳ ಅನುಭವದ ಮೇಲೆ ಫ್ರಾನ್ಸಿನ ಡಸಾಲ್ಟ್ ಕಂಪನಿಗೆ ಒಂದು ಬೇಡಿಕೆ ಇಟ್ಟಿತು: ನಮ್ಮಲ್ಲಿ ವರ್ಷದ ಬಹುಪಾಲು ಆಕಾಶ ತಿಳಿಯಾಗಿರುತ್ತದೆ, ರಾಡಾರ್ ಬೇಡ, ಆ ಜಾಗ ಮತ್ತು ತೂಕದಲ್ಲಿ ಇಂಧನವೂ ಬಾಂಬೂ ಹೆಚ್ಚು ಕೊಡಿ. 1967ರ ಮೇ ತಿಂಗಳಲ್ಲಿ ಮಿರಾಜ್-5 ಹಾರಿತು. ಮುಂದಿನ ತಿಂಗಳೇ ಆರು ದಿನಗಳ ಯುದ್ಧ ನಡೆದು, ಫ್ರಾನ್ಸ್ ಶಸ್ತ್ರ ಕೊಡುವುದನ್ನು ನಿಲ್ಲಿಸಿದ್ದರಿಂದ, ಬೇಡಿಕೆ ಇಟ್ಟವರ ಕೈಗೇ ಅದು ಸೇರಲಿಲ್ಲ. ಆದರೆ ಬೇರೆ ಹಲವು ದೇಶಗಳು ಅದನ್ನು ಕೊಂಡವು.

ರಾಡಾರ್ ಹೋದ ಮೂತಿಗೆ ಬಂದದ್ದು ಲೇಸರ್ ದೂರಮಾಪಕ. ಇದು ಯಾಕೆ ಬೇಕು ಎಂಬುದಕ್ಕೆ ಮತ್ತೆ ಆ ಬಾಂಬಿನ ಲೆಕ್ಕಕ್ಕೇ ಹೋಗಬೇಕು. ನೀವು 1000 ಮೀಟರ್ ಎತ್ತರದಲ್ಲಿದ್ದೀರಿ ಎಂದುಕೊಂಡಿದ್ದೀರಿ, ನಿಜವಾಗಿ ಇರುವುದು 950ರಲ್ಲಿ. ಬಾಂಬ್ ಸುಮಾರು 90 ಮೀಟರ್ ಹಿಂದೆಯೇ ಬೀಳುತ್ತದೆ. ಬೆನ್ನ ಹಿಂದಿನಿಂದ ಸೆಕೆಂಡಿಗೆ 10 ಮೀಟರ್ ಗಾಳಿ ಬೀಸುತ್ತಿದ್ದು ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 140 ಮೀಟರ್ ಮುಂದೆ ಬೀಳುತ್ತದೆ. ಸೇತುವೆಯ ಅಗಲ ಹತ್ತು ಮೀಟರ್ ಎಂಬುದನ್ನು ನೆನಪಿಟ್ಟುಕೊಳ್ಳಿ. ಓಡುವ ಬಸ್ಸಿನ ಕಿಟಕಿಯಿಂದ ರಸ್ತೆ ಬದಿಯ ತೊಟ್ಟಿಗೆ ಕಲ್ಲು ಹಾಕಲು ನೋಡಿದವರಿಗೆ ಈ ಕಷ್ಟ ಗೊತ್ತು. ಇಲ್ಲಿ ಬಸ್ಸು ಒಂದು ಸೆಕೆಂಡಿಗೆ ಕಾಲು ಕಿಲೋಮೀಟರ್ ಓಡುತ್ತಿದೆ.

ವಿಮಾನದ ಮಾಮೂಲಿ ಎತ್ತರ ಮಾಪಕ ಹೇಳುವುದು ಗಾಳಿಯ ಒತ್ತಡದ ಲೆಕ್ಕದ ಎತ್ತರ. ಗುರಿ ಇರುವ ನೆಲವೇ ಗುಡ್ಡದ ಮೇಲಿದೆಯೋ ತಗ್ಗಿನಲ್ಲಿದೆಯೋ ಅದಕ್ಕೆ ತಿಳಿಯದು. ಲೇಸರ್ ಗುರಿಗೇ ನೇರ ತಾಗಿ ಮರಳಿ ದೂರವನ್ನು ಹೇಳುತ್ತದೆ. ಆ ದೂರ, ನೋಟದ ಕೋನ, ವಿಮಾನದ ವೇಗ, ಬಾಂಬಿನ ಜಾತಿ ಇಷ್ಟನ್ನು ಲೆಕ್ಕಯಂತ್ರಕ್ಕೆ ಕೊಟ್ಟರೆ, ಈ ಕ್ಷಣ ಬಾಂಬ್ ಬಿಟ್ಟರೆ ಎಲ್ಲಿ ಬಿದ್ದೀತು ಎಂಬುದನ್ನು ಪೈಲಟ್‌ನ ಎದುರಿನ ಗಾಜಿನ ಮೇಲೆ ಚುಕ್ಕಿಯಾಗಿ ತೋರಿಸಬಹುದು. ಪೈಲಟ್ ಆ ಚುಕ್ಕಿಯನ್ನು ಗುರಿಯ ಮೇಲೆ ತರುವುದಷ್ಟೇ ಕೆಲಸ. ಅಷ್ಟೇ ಎಂದು ಬರೆಯುವುದು ಸುಲಭ. ಕೆಳಗಿನಿಂದ ಗುಂಡು ಬರುತ್ತಿರುವಾಗ ಆ ಕೆಲವು ಸೆಕೆಂಡು ವಿಮಾನವನ್ನು ಅಲುಗದಂತೆ ಹಿಡಿಯಬೇಕು.

ಇನ್ನೂ ಕೆಳಗೆ ಹಾರಿದರೆ ಗುರಿ ತಪ್ಪುವುದು ಕಡಿಮೆ, ಶತ್ರುವಿನ ರಾಡಾರಿಗೆ ಕಾಣುವುದೂ ಕಡಿಮೆ. ಆದರೆ 100 ಮೀಟರ್ ಎತ್ತರದಿಂದ ಬಿಟ್ಟ ಬಾಂಬ್ ನಾಲ್ಕೂವರೆ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ, ಆಗ ವಿಮಾನ ಹೆಚ್ಚು ಕಡಿಮೆ ಅದರ ನೆತ್ತಿಯ ಮೇಲೆಯೇ ಇರುತ್ತದೆ. ತಾನು ಬಿಟ್ಟ ಬಾಂಬಿನ ಚೂರು ತನಗೇ ತಗಲುತ್ತದೆ. ಅದಕ್ಕಾಗಿ ಬಾಲದಲ್ಲಿ ಪ್ಯಾರಾಚೂಟ್ ಬಿಚ್ಚಿಕೊಂಡು ಹಿಂದುಳಿಯುವ ಬಾಂಬುಗಳು ಬಂದವು.

ಕೆಳಗಿನ ಗಾಳಿ ಬೇರೆ

ಬೇಸಿಗೆಯ ಮಧ್ಯಾಹ್ನ ಪ್ರಯಾಣಿಕ ವಿಮಾನದಲ್ಲಿ ಇಳಿಯುವಾಗ ಕೊನೆಯ ಹತ್ತು ನಿಮಿಷ ಹೊಟ್ಟೆ ತೊಳಸುವಂತೆ ಕುಲುಕುವುದನ್ನು ಅನುಭವಿಸಿದವರಿದ್ದೀರಿ. ಕಾದ ನೆಲದಿಂದ ಏಳುವ ಗಾಳಿ ರೆಕ್ಕೆಯನ್ನು ಎತ್ತೆತ್ತಿ ಬಿಡುತ್ತದೆ. ನೆಲದಾಳಿಯ ಪೈಲಟ್ ಅದೇ ಗಾಳಿಯಲ್ಲಿ ಅದಕ್ಕಿಂತ ಎರಡು ಮೂರು ಪಟ್ಟು ವೇಗದಲ್ಲಿ ಹೋಗಬೇಕು. ಗಾಳಿ ದಟ್ಟ, ವೇಗ ಹೆಚ್ಚು. ರೆಕ್ಕೆ ಅಗಲವಾಗಿದ್ದರೆ ಪ್ರತಿಯೊಂದು ಅಲೆಯೂ ಅದನ್ನು ಬಡಿಯುತ್ತದೆ, ಗಾಜಿನ ಮೇಲಿನ ಆ ಚುಕ್ಕಿ ಕುಣಿಯುತ್ತದೆ, ವಿಮಾನದ ಮೈಲೋಹ ಬೇಗ ದಣಿಯುತ್ತದೆ.

ಮೇಲೆ ತಿರುಗುಬಾಣದಂತೆ ಕಾದಾಡುವ ಫೈಟರ್‌ಗೆ ಅಗಲ ರೆಕ್ಕೆ ವರ. ಕೆಳಗೆ ಅದೇ ಶಾಪ. ಈ ಒಂದು ವಿಷಯದಲ್ಲಿ ಮಿಗ್-23ರ ಹುಟ್ಟುಗುಣವೇ ನೆರವಿಗೆ ಬಂತು. ಅದರ ರೆಕ್ಕೆಯನ್ನು 16, 45, 72 ಡಿಗ್ರಿಗಳಲ್ಲಿ ನಿಲ್ಲಿಸಬಹುದು. ಚಾಚಿದರೆ ಭಾರ ಹೊತ್ತು ಸಣ್ಣ ರನ್‌ವೇಯಿಂದ ಏಳಬಹುದು, ಹಿಂದಕ್ಕೆ ಮಡಚಿದರೆ ತಗ್ಗಿನ ಗಾಳಿಯನ್ನು ಕತ್ತಿಯಂತೆ ಸೀಳಿಕೊಂಡು ಹೋಗಬಹುದು. ಆದರೆ ಸರಿಯುವ ರೆಕ್ಕೆಗೆ ಬಾಂಬ್ ನೇತುಹಾಕುವುದು ಕಷ್ಟ. ರೆಕ್ಕೆ ತಿರುಗಿದಾಗ ಬಾಂಬಿನ ಮೂತಿಯೂ ಪಕ್ಕಕ್ಕೆ ತಿರುಗೀತು. ಹಾಗಾಗಿ ಭಾರವೆಲ್ಲ ಹೊಟ್ಟೆಯಡಿ ಮತ್ತು ಅಲುಗದ ರೆಕ್ಕೆಬುಡದಡಿ ಒತ್ತೊತ್ತಾಗಿ ತೂಗಿತು. ಸರಿಯುವ ಭಾಗದಡಿ ಇಂಧನದ ತೊಟ್ಟಿ ಹಾಕಬಹುದಿತ್ತು. ಆದರೆ ಅದನ್ನು ಕಳಚುವವರೆಗೂ ರೆಕ್ಕೆ ಚಾಚಿಯೇ ಇರಬೇಕು.

ಮುಂದಿನ ತ್ಯಾಗ ವೇಗ. ಮಿಗ್-23 ಎತ್ತರದಲ್ಲಿ ಶಬ್ದದ ಎರಡು ಪಟ್ಟಿಗಿಂತ ಹೆಚ್ಚು ವೇಗಕ್ಕೆ ಹೋಗುತ್ತಿತ್ತು, ಮ್ಯಾಕ್ 2.35ರವರೆಗೆ. ಅಷ್ಟು ವೇಗದ ಗಾಳಿಯನ್ನು ಎಂಜಿನ್ ನೇರ ನುಂಗಲಾರದು. ಒಳಗಿನ ತಿರುಗುವ ಅಲಗುಗಳನ್ನು ಮುಟ್ಟುವ ಮೊದಲು ಗಾಳಿ ಶಬ್ದಕ್ಕಿಂತ ನಿಧಾನವಾಗಲೇಬೇಕು. ಆ ಕೆಲಸಕ್ಕೆ ಮಿಗ್-23ರ ಕೆನ್ನೆಗಳಲ್ಲಿರುವ ಗಾಳಿಬಾಯಿಗಳ ಒಳಗೆ ಚಲಿಸುವ ಹಲಗೆಗಳಿವೆ, ಅವನ್ನು ತಳ್ಳುವ ಯಂತ್ರಗಳಿವೆ, ವೇಗಕ್ಕೆ ತಕ್ಕಂತೆ ಅವನ್ನು ನಡೆಸುವ ನಿಯಂತ್ರಣವಿದೆ. ಹೊಟ್ಟೆಯಡಿ ಬಾಂಬ್ ಕಟ್ಟಿಕೊಂಡು ನೆಲದ ಹತ್ತಿರ ಹಾರುವ ವಿಮಾನ ಮ್ಯಾಕ್ 2ರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಿದ್ದ ಮೇಲೆ ಆ ತೂಕವನ್ನು ಜೀವಮಾನವಿಡೀ ಹೊರುವುದೇಕೆ? ಮಿಗ್-27ರಲ್ಲಿ ಗಾಳಿಬಾಯಿ ಅಲುಗದ, ಸರಳವಾದ ಒಂದು ತೂಬು. ಎಂಜಿನ್ನಿನ ಹಿಂಬಾಯಿಯನ್ನೂ ಎರಡೇ ಸ್ಥಿತಿಗಳಿಗೆ ಸರಳ ಮಾಡಿದರು. ಗರಿಷ್ಠ ವೇಗ ಮ್ಯಾಕ್ 1.7ರ ಆಸುಪಾಸಿಗೆ ಇಳಿಯಿತು. ಉಳಿದ ತೂಕ ಬಾಂಬಿಗೂ ರಕ್ಷಣೆಗೂ ಹೋಯಿತು. ನನಗೆ ಇಡೀ ಮಾರ್ಪಾಡಿನಲ್ಲಿ ಅತ್ಯಂತ ಮೆಚ್ಚುಗೆಯಾದ ನಿರ್ಧಾರ ಇದು. ಕಾಗದದ ಮೇಲೆ ವಿಮಾನದ ಹೆಗ್ಗಳಿಕೆಯಾಗಿದ್ದ ಅಂಕಿಯನ್ನೇ ಕೈಯಾರೆ ಕತ್ತರಿಸಲು ಧೈರ್ಯ ಬೇಕು.

ಈ ಧೈರ್ಯ ಒಂದೇ ಹೆಜ್ಜೆಗೆ ಬಂದದ್ದಲ್ಲ. ನಡುವೆ ಮಿಗ್-23 ಬಿಎನ್ ಎಂಬ ಅರ್ಧದಾರಿಯ ವಿಮಾನವಿತ್ತು. ಮೂತಿ ಮಿಗ್-27ರಂತೆ ಕೊರೆದದ್ದು, ಗಾಳಿಬಾಯಿ ಮಾತ್ರ ಫೈಟರಿನದೇ, ಫಿರಂಗಿಯೂ ಫೈಟರಿನ 23 ಮಿಲಿಮೀಟರಿನದೇ. ಭಾರತದ ವಾಯುಪಡೆಗೆ 1980ರ ದಶಕದ ಮೊದಲಲ್ಲಿ ಬಂದದ್ದು ಈ ಬಿಎನ್. ಸಂಪೂರ್ಣ ಬದಲಾದ ಮಿಗ್-27 ಆಮೇಲೆ ಬಂತು. ಅದನ್ನು ಎಚ್‌ಎಎಲ್ ನಾಸಿಕ್‌ನಲ್ಲಿ ತಯಾರಿಸಿತು, 165 ವಿಮಾನಗಳನ್ನು. ನಮ್ಮವರು ಇಟ್ಟ ಹೆಸರು ಬಹಾದ್ದೂರ್.

ಆರು ನಳಿಗೆಯ ಫಿರಂಗಿ

ಮಿಗ್-27ರ ಹೊಟ್ಟೆಯಡಿ ಇದ್ದದ್ದು ಆರು ನಳಿಗೆಗಳು ಸುತ್ತುತ್ತ ಹಾರಿಸುವ 30 ಮಿಲಿಮೀಟರ್ ಫಿರಂಗಿ. ನಿಮಿಷಕ್ಕೆ 5000 ಗುಂಡುಗಳ ಹತ್ತಿರ. ಒಂದೊಂದು ಗುಂಡಿನ ತೂಕ 400 ಗ್ರಾಂ ಆಸುಪಾಸು. ಎಂದರೆ ಸೆಕೆಂಡಿಗೆ 30 ಕಿಲೋಗೂ ಹೆಚ್ಚು ಲೋಹ ಮುಂದಕ್ಕೆ ಚಿಮ್ಮುತ್ತದೆ. ವಿಮಾನದಲ್ಲಿ ಇರುವ ಗುಂಡು ಮುನ್ನೂರರೊಳಗೆ. ಗುಂಡಿ ಒತ್ತಿ ಹಿಡಿದರೆ ಮೂರು ನಾಲ್ಕು ಸೆಕೆಂಡಿಗೆ ಖಾಲಿ.

ಚಿಮ್ಮಿದ್ದಕ್ಕೆ ಸರಿಯಾದ ಒದೆತ ವಿಮಾನದ ಮೇಲೆ ಬೀಳುತ್ತದೆ. ಆ ಒದೆತದ ಬಲ ಸರಾಸರಿ ಐದು ಟನ್ ತೂಕದಷ್ಟು. ಈ ವಿಮಾನದ ಎಂಜಿನ್ ಆಫ್ಟರ್‌ಬರ್ನರ್ ಹಚ್ಚಿದಾಗ (ಹಿಂಬಾಯಿಯಲ್ಲಿ ಹೆಚ್ಚುವರಿ ಇಂಧನ ಸುಟ್ಟಾಗ) ಕೊಡುವ ನೂಕುಬಲ ಹನ್ನೊಂದೂವರೆ ಟನ್. ಅದರ ಅರ್ಧದ ಹತ್ತಿರದ ಬಲ ಎದುರುದಿಕ್ಕಿಗೆ, ಅದೂ ಸೆಕೆಂಡಿಗೆ ಎಂಬತ್ತು ಬಾರಿ ಸುತ್ತಿಗೆಯಂತೆ. ಲ್ಯಾಂಡಿಂಗ್ ದೀಪಗಳು ಒಡೆದವು, ಉಪಕರಣಗಳು ಕೆಟ್ಟವು, ಮೈಯಲ್ಲಿ ಬಿರುಕುಗಳು ಬಂದವು. ಮಿಗ್-23ರ ಮೈಯನ್ನು ಇಂಥ ಫಿರಂಗಿಗೆಂದು ಕಟ್ಟಿರಲಿಲ್ಲ. ಅಮೆರಿಕದ ನೆಲದಾಳಿ ವಿಮಾನ ಎ-10ರಲ್ಲಿ ಮೊದಲು ಫಿರಂಗಿಯನ್ನು ಇಟ್ಟುಕೊಂಡು ಅದರ ಸುತ್ತ ವಿಮಾನ ಕಟ್ಟಿದರು. ಇಲ್ಲಿ ಕಟ್ಟಿದ್ದ ಮನೆಗೆ ಆಮೇಲೆ ರುಬ್ಬುವ ಕಲ್ಲು ತಂದಿಟ್ಟಂತೆ ಆಯಿತು, ನೆಲ ತಾಳಲಿಲ್ಲ.

ರಕ್ಷಣೆಯ ವಿಷಯದಲ್ಲೂ ಇದೇ ಮಿತಿ. ನೆಲದಾಳಿ ವಿಮಾನಕ್ಕೆ ಬಂದೂಕಿನ ಗುಂಡು ಕೂಡ ತಗಲುತ್ತದೆ. ಹಾಗಾಗಿ ಕಾಕ್‌ಪಿಟ್‌ನ ಎರಡೂ ಪಕ್ಕಕ್ಕೆ ಉಕ್ಕಿನ ಹಲಗೆ ಹೊದಿಸಿದರು. ರಾಡಾರ್ ಹೋಗಿ ಹಗುರಾದ ಮುಂಭಾಗಕ್ಕೆ ಈ ಭಾರ ತಕ್ಕಡಿಯ ಕಲ್ಲಿನಂತೆ ಒದಗಿತು. ಕಚ್ಚಾ ರನ್‌ವೇಯಲ್ಲೂ ಓಡಲು ಚಕ್ರಗಳನ್ನು ದಪ್ಪ ಮಾಡಿದರು, ಕಾಲುಗಳನ್ನು ಬಲಪಡಿಸಿದರು. ಆದರೆ ಎಂಜಿನ್ ಒಂದೇ. ಅದರ ಸುತ್ತಮುತ್ತ ಇಂಧನದ ತೊಟ್ಟಿಗಳು. ಕೊಳವೆ, ತಂತಿಗಳೆಲ್ಲ ಫೈಟರಿನಂತೆ ಒತ್ತಾಗಿ ಜೋಡಿಸಿದ್ದವು. ಅವನ್ನು ಬಿಡಿಸಿ ದೂರದೂರ ಇಡಲು ಆಗುವುದಿಲ್ಲ. ಸೋವಿಯತ್ ಒಕ್ಕೂಟ ಇದನ್ನು ಬೇಗ ಅರ್ಥಮಾಡಿಕೊಂಡು ನಿಧಾನ ವೇಗದ, ಎರಡು ಎಂಜಿನ್‌ಗಳ, ಪೈಲಟ್ ಸುತ್ತ ಟೈಟಾನಿಯಂ ತೊಟ್ಟಿಯಿರುವ ಸುಖೋಯ್-25 ಅನ್ನು ಬೇರೆಯಾಗಿಯೇ ಮಾಡಿತು. ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ ಎನ್ನುವ ಕಂಬಳಿಯಂತೆ, ಇದ್ದ ವಿಮಾನವನ್ನು ಬದಲಿಸುವಾಗ ಒಂದಲ್ಲ ಒಂದು ತುದಿ ಹೊರಗುಳಿದೇ ಉಳಿಯುತ್ತದೆ.

ಕಾರ್ಗಿಲ್‌ನ ತೆಳು ಗಾಳಿ

1999ರ ಮೇ 26ರಂದು ಕಾರ್ಗಿಲ್‌ನಲ್ಲಿ ವಾಯುಪಡೆ ದಾಳಿ ಶುರುಮಾಡಿತು. ಮರುದಿನವೇ ಮಿಗ್-27 ಒಂದರ ಎಂಜಿನ್ ದಾಳಿಯ ನಡುವೆ ಆರಿಹೋಯಿತು. ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಹೊರಗೆ ಹಾರಿಕೊಂಡರು, ಪಾಕಿಸ್ತಾನದ ಸೆರೆಯಾದರು, ಒಂದು ವಾರದ ಬಳಿಕ ಬಿಡುಗಡೆಯಾಗಿ ಮರಳಿದರು. ಆ ಸುದ್ದಿ ಕೇಳುತ್ತ ರೇಡಿಯೊ ಮುಂದೆ ಕೂತ ಸಂಜೆಗಳು ನಮ್ಮ ಪೀಳಿಗೆಯ ಅನೇಕರಿಗೆ ನೆನಪಿರಬೇಕು.

ಇಂಥ ಎಂಜಿನ್ ಯಾಕೆ ಆರುತ್ತದೆ? ಜೆಟ್ ಎಂಜಿನ್ ಎಂದರೆ ಒಂದೇ ಸಮನೆ ಉರಿಯುವ ಒಲೆ. ಅದಕ್ಕೆ ಬರುವ ಗಾಳಿಯ ಹರಿವು ಕಡಿದರೆ ಅಥವಾ ಬಂದ ಗಾಳಿಯೇ ಬಿಸಿ ಹೊಗೆಯಾದರೆ ಉರಿ ತಡವರಿಸುತ್ತದೆ. ರಾಕೆಟ್ಟು, ಫಿರಂಗಿ ಹಾರಿದಾಗ ಅವುಗಳ ಹೊಗೆ ಗಾಳಿಬಾಯಿಗಳ ಎದುರಿಗೇ ಹರಡುತ್ತದೆ. ತಗ್ಗು ಪ್ರದೇಶದ ದಟ್ಟ ಗಾಳಿಯಲ್ಲಿ ಎಂಜಿನ್ ಅದನ್ನು ತಡೆದುಕೊಳ್ಳುತ್ತದೆ. ಯುರೋಪಿನ ಬಯಲಿನಲ್ಲಿ ಟ್ಯಾಂಕ್ ಹೊಡೆಯಲೆಂದು ಯೋಚಿಸಿದ ವಿಮಾನ ಇದು. ಐದು ಸಾವಿರ ಮೀಟರ್ ಎತ್ತರದ ಶಿಖರಗಳ ಮೇಲೆ, ತೆಳುಗಾಳಿಯಲ್ಲಿ, ಉಳಿದಿರುವ ತಾಳಿಕೆ ತೀರ ಕಡಿಮೆ.

ಬಾಂಬಿನ ಲೆಕ್ಕವೂ ಅಲ್ಲಿ ತಪ್ಪಿತು. ತೆಳುಗಾಳಿ ಬಾಂಬನ್ನು ಕಡಿಮೆ ತಡೆಯುವುದರಿಂದ ಅದು ಕೋಷ್ಟಕದಲ್ಲಿ ಬರೆದದ್ದಕ್ಕಿಂತ ಮುಂದೆ ಹೋಗುತ್ತದೆ. ಬಯಲಿನಲ್ಲಿ ಐವತ್ತು ಮೀಟರ್ ತಪ್ಪಿದರೆ ಗುರಿಯ ಪಕ್ಕದಲ್ಲಾದರೂ ಸಿಡಿಯುತ್ತದೆ. ಕತ್ತಿಯಂಚಿನಂಥ ಶಿಖರದ ಮೇಲೆ ಐವತ್ತು ಮೀಟರ್ ತಪ್ಪಿದ ಬಾಂಬ್ ಶಿಖರ ದಾಟಿ ಆಚೆ ಕಣಿವೆಯಲ್ಲಿ ನೂರಾರು ಮೀಟರ್ ಕೆಳಗೆ ಬೀಳುತ್ತದೆ. ಮೇಲಿರುವ ಬಂಕರಿನವರಿಗೆ ಸದ್ದು ಬಿಟ್ಟರೆ ಬೇರೇನೂ ತಾಗದು. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳಿಗೆ ವಿಮಾನ, ಹೆಲಿಕಾಪ್ಟರ್ ಕಳೆದುಕೊಂಡ ಮೇಲೆ ನಮ್ಮವರು ಇನ್ನೂ ಎತ್ತರದಿಂದ ದಾಳಿ ಮಾಡಬೇಕಾಯಿತು. ಕಣ್ಣಾರೆ ಗುರಿ ಹುಡುಕುವುದು ಇನ್ನಷ್ಟು ಕಷ್ಟವಾಯಿತು. ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನವನ್ನೂ ಹಳೆಯ ಮಿಗ್‌ಗಳ ಕಾಕ್‌ಪಿಟ್‌ನಲ್ಲಿ ಬಳಸಿದರು.

ಆಗ ಮುಂದೆ ಬಂದದ್ದು ಮಿರಾಜ್-2000. ಪಾಕಿಸ್ತಾನದ ಎಫ್-16ಕ್ಕೆ ಎದುರಾಗಿ ನಿಲ್ಲಲೆಂದು ಕೊಂಡ, 1985ರಲ್ಲಿ ಸೇವೆಗೆ ಸೇರಿದ ಫೈಟರ್ ಅದು. ಅದರ ಮೂತಿಯನ್ನು ಯಾರೂ ಕೊರೆಯಲಿಲ್ಲ, ರಾಡಾರ್ ತೆಗೆಯಲಿಲ್ಲ. ಹೊಟ್ಟೆಯಡಿ ಲೈಟ್ನಿಂಗ್ ಎಂಬ ಇಸ್ರೇಲಿನ ಪಾಡ್ ನೇತುಹಾಕಿದರು. ಉದ್ದನೆಯ ಕೊಳವೆಯಂಥ ಅದರ ತುದಿಯಲ್ಲಿ ತಿರುಗುವ ಕ್ಯಾಮೆರಾ, ಬಿಸಿಯನ್ನು ಕಾಣುವ ಕಣ್ಣು, ಲೇಸರ್ ಮೂರೂ ಇವೆ. ವಿಮಾನ ಯಾವ ಕಡೆ ಹಾರುತ್ತಿದ್ದರೂ ಆ ಕಣ್ಣು ಗುರಿಯನ್ನೇ ನೋಡುತ್ತಿರುತ್ತದೆ. ಲೇಸರ್ ಚುಕ್ಕಿ ಗುರಿಯ ಮೇಲೆ ನಿಂತರೆ, ಬಾಂಬಿನ ಮೂತಿಯಲ್ಲಿರುವ ಸಂವೇದಕ ಆ ಚುಕ್ಕಿಯನ್ನು ಹಿಡಿದು, ಪುಟ್ಟ ರೆಕ್ಕೆಗಳನ್ನು ಆಡಿಸುತ್ತ ಅಲ್ಲಿಗೇ ಇಳಿಯುತ್ತದೆ. ಗಾಳಿಯ ಲೆಕ್ಕ, ಎತ್ತರದ ಲೆಕ್ಕ ತುಸು ತಪ್ಪಿದರೂ ದಾರಿಯಲ್ಲಿ ತಿದ್ದಿಕೊಳ್ಳುತ್ತದೆ. ಜೂನ್ 24ರಂದು ಟೈಗರ್ ಹಿಲ್ ಮೇಲಿನ ನೆಲೆಯನ್ನು ಹೀಗೇ ಹೊಡೆದರು.

ಮಿಗ್-27ರಲ್ಲಿ ಮೂತಿಯನ್ನೇ ಕೊರೆದು ಪಡೆದ ನೋಟ ಮಿರಾಜ್‌ನಲ್ಲಿ ನಾಲ್ಕಾರು ಬೋಲ್ಟು ಮತ್ತು ತಂತಿಗಳಲ್ಲಿ ಸಿಕ್ಕಿತು. ಕಣ್ಣು ಮೂತಿಯ ಹಿಂದೆ ಕೂತ ಮನುಷ್ಯನದಲ್ಲ, ಹೊಟ್ಟೆಯಡಿಯ ಯಂತ್ರದ್ದು ಎಂದಾದ ಮೇಲೆ ಮೂತಿ ಅಡ್ಡ ಬರುವ ಪ್ರಶ್ನೆಯೇ ಇಲ್ಲ. ರಾಡಾರ್‌ಗಳೂ ಸುಧಾರಿಸಿ, ಒಂದೇ ತಟ್ಟೆ ಆಕಾಶವನ್ನೂ ನೆಲವನ್ನೂ ನೋಡುವುದನ್ನು ಕಲಿತವು. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಈ ಹೊಸ ಪೀಳಿಗೆಯದು. ರಾಡಾರ್ ಮೂತಿಯಲ್ಲಿ, ಪಾಡ್ ಕೆಳಗೆ. ಮಿಗ್-27ಕ್ಕೂ ಕೊನೆಗಾಲದಲ್ಲಿ ಈ ಜಾಣತನ ತುಂಬುವ ಪ್ರಯತ್ನ ನಡೆಯಿತು. ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ಡೇರ್ ಪ್ರಯೋಗಾಲಯ ಮತ್ತು ಎಚ್‌ಎಎಲ್ ಸೇರಿ ಸುಮಾರು ನಲವತ್ತು ವಿಮಾನಗಳಿಗೆ ಹೊಸ ಕಂಪ್ಯೂಟರ್, ಹೊಸ ಪರದೆಗಳನ್ನು ಹಾಕಿದವು. ಎಂಜಿನ್ ಮಾತ್ರ ಹಳೆಯದೇ ಉಳಿಯಿತು. 2019ರ ಡಿಸೆಂಬರ್ 27ರಂದು ಜೋಧ್‌ಪುರದಲ್ಲಿ ಕೊನೆಯ ಬಹಾದ್ದೂರ್‌ಗಳು ಇಳಿದವು.

ಬೆಂಗಳೂರಿನ ಮಾರುತ

ಇಲ್ಲಿವರೆಗೆ ಹೇಳಿದ್ದೆಲ್ಲ ಬೇಕೆಂದು ಮಾಡಿದ ಮಾರ್ಪಾಡು. ಬೇಡವೆಂದರೂ ನೆಲದಾಳಿಗೆ ಇಳಿಯಬೇಕಾದ ಫೈಟರ್ ಒಂದಿದೆ. ಅದು ನಮ್ಮ ಊರಿನದು.

1956ರಲ್ಲಿ ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಎರಡನೇ ಮಹಾಯುದ್ಧದ ಫಾಕೆವುಲ್ಫ್-190 ಫೈಟರ್ ಅವರ ವಿನ್ಯಾಸ. ಆ ವಿಮಾನವೇ ಯುದ್ಧದ ನಡುವೆ ನೆಲದಾಳಿಗೆ ಬದಲಾಗಿತ್ತು: ರೆಕ್ಕೆಯ ಹೊರಭಾಗದ ಫಿರಂಗಿಗಳನ್ನು ತೆಗೆದು, ಎಂಜಿನ್ ಮತ್ತು ಪೈಲಟ್‌ನ ಅಡಿಗೆ ಉಕ್ಕು ಹೊದಿಸಿ, ಬಾಂಬ್ ಕಟ್ಟಿದ್ದರು. ಇಂಥ ಅನುಭವವಿದ್ದ ಮನುಷ್ಯನ ನೇತೃತ್ವದಲ್ಲಿ ಎಚ್‌ಎಎಲ್‌ನ ತರುಣ ಎಂಜಿನಿಯರುಗಳು ಎಚ್‌ಎಫ್-24 ಮಾರುತವನ್ನು ರೂಪಿಸಿದರು. ವಾಯುಪಡೆ ಕೇಳಿದ್ದು ಮ್ಯಾಕ್ 2ರ ವಿಮಾನ. ಮೊದಲು ಎಂಜಿನ್ ಇಲ್ಲದ ಮರದ ಗ್ಲೈಡರ್ ಮಾಡಿ ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆದು ಹಾರಿಸಿದರು. 1961ರ ಜೂನ್‌ನಲ್ಲಿ ಪರೀಕ್ಷಾ ಪೈಲಟ್ ಸುರಂಜನ್ ದಾಸ್ ನಿಜವಾದ ಮಾರುತವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು.

ಮೈ ಸಿದ್ಧವಾಯಿತು, ಅದಕ್ಕೆ ತಕ್ಕ ಎಂಜಿನ್ ಬರಲಿಲ್ಲ. ಬ್ರಿಟನ್ನಿನಲ್ಲಿ ತಯಾರಾಗಬೇಕಿದ್ದ ಬಲವಾದ ಆರ್ಫಿಯಸ್ ಎಂಜಿನ್ ಯೋಜನೆ ನಿಂತುಹೋಯಿತು. ಆಫ್ಟರ್‌ಬರ್ನರ್ ಇಲ್ಲದ ಚಿಕ್ಕ ಆರ್ಫಿಯಸ್ 703 ಎರಡನ್ನು ಹಾಕಿ ಹಾರಿಸಬೇಕಾಯಿತು. ಒಂದೊಂದರ ನೂಕುಬಲ 2200 ಕಿಲೋ. ಈಜಿಪ್ಟ್ ಮಾಡುತ್ತಿದ್ದ ಎಂಜಿನ್ನಿನತ್ತಲೂ ಕೈಚಾಚಿದರು, ಅದೂ ಕೈಗೂಡಲಿಲ್ಲ. ಆರ್ಫಿಯಸ್‌ಗೇ ಆಫ್ಟರ್‌ಬರ್ನರ್ ಜೋಡಿಸುವ ಪ್ರಯತ್ನದಲ್ಲಿ, 1970ರ ಜನವರಿ 10ರಂದು, ಬೆಂಗಳೂರಿನಲ್ಲಿ ಮೇಲೇಳುವಾಗಲೇ ವಿಮಾನ ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ಎಚ್‌ಎಎಲ್ ಬಳಿಯ ಸುರಂಜನ್‌ದಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಲ್ಲುವಾಗೆಲ್ಲ ನನಗೆ ಆ ಹೆಸರಿನ ಹಿಂದಿನ ಬೆಳಗು ನೆನಪಾಗುತ್ತದೆ.

ಮ್ಯಾಕ್ 2 ಮುಟ್ಟದ ಫೈಟರ್ ಎತ್ತರದ ಕಾಳಗಕ್ಕೆ ಸಲ್ಲದು. ಆದರೆ ಕೆಳಗೆ? ಎರಡು ಎಂಜಿನ್, ಒಂದಕ್ಕೆ ಪೆಟ್ಟು ಬಿದ್ದರೂ ಇನ್ನೊಂದರಲ್ಲಿ ಮನೆ ಸೇರುವ ಆಸೆ. ಮೂತಿಯ ಪಕ್ಕದಲ್ಲಿ ನಾಲ್ಕು 30 ಮಿಲಿಮೀಟರ್ ಫಿರಂಗಿ, ಹೊಟ್ಟೆಯೊಳಗೆ ರಾಕೆಟ್ ಪೆಟ್ಟಿಗೆ, ರೆಕ್ಕೆಯಡಿ ನಾಲ್ಕು ಬಾಂಬ್. ವೇಗಕ್ಕೆಂದು ತೀಡಿದ್ದ ತೆಳು ಮೈ ತಗ್ಗಿನ ಗಾಳಿಯಲ್ಲಿ ಅಲುಗದೆ ಸಾಗುತ್ತಿತ್ತು. ನಾನು ಮೇಲೆ ವಿವರಿಸಿದ ಒಂದೊಂದು ಬೇಡಿಕೆಯೂ ಇಲ್ಲಿ ಹೆಚ್ಚು ಕಡಿಮೆ ತಾನಾಗಿಯೇ ಒದಗಿತ್ತು. 1971ರ ಯುದ್ಧದಲ್ಲಿ ಮಾರುತಗಳು ರಾಜಸ್ಥಾನದ ಉತ್ತರಲಾಯ್, ಜೋಧ್‌ಪುರಗಳಿಂದ ಹೊರಟು ಗಡಿಯಾಚೆಯ ನೆಲದ ಗುರಿಗಳ ಮೇಲೆ ದಾಳಿ ನಡೆಸಿದವು. ನೆಲದಿಂದ ಬಂದ ಗುಂಡಿಗೆ ಕೆಲವು ಬಿದ್ದವು. ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಡಿಸೆಂಬರ್ 7ರಂದು ಮಾರುತವೊಂದು ತನ್ನ ಫಿರಂಗಿಯಿಂದಲೇ ಪಾಕಿಸ್ತಾನದ ಸೇಬರ್ ವಿಮಾನವನ್ನು ಉರುಳಿಸಿತು. ತಾನು ಯಾವ ಕೆಲಸಕ್ಕೆ ಹುಟ್ಟಿತ್ತೋ ಆ ಕೆಲಸವನ್ನು ಅದು ಒಂದು ದಿನವಾದರೂ ಮಾಡಿತು ಎಂಬುದು ನನಗೆ ಇಂದಿಗೂ ಸಮಾಧಾನ ಕೊಡುವ ಸಂಗತಿ.

ಒಟ್ಟು 147 ಮಾರುತಗಳು ತಯಾರಾದವು. ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದನ್ನು ಹತ್ತಿರದಿಂದ ನೋಡಬಹುದು. ಹೋದವರು ಸಾಮಾನ್ಯವಾಗಿ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸೂಜಿಯಂಥ ಆ ಮೂತಿ ಅಷ್ಟು ಚೆಂದವೂ ಹೌದು. ಮುಂದಿನ ಸಲ ಒಮ್ಮೆ ಹಿಂದಕ್ಕೆ ಹೋಗಿ ನಿಲ್ಲಿ. ಅಷ್ಟುದ್ದ ಮೈಯ ಕೊನೆಯಲ್ಲಿ ಎರಡು ಸಣ್ಣ ಎಂಜಿನ್‌ಗಳ ಎರಡು ಸಣ್ಣ ಬಾಯಿಗಳು, ಪಕ್ಕಪಕ್ಕದಲ್ಲಿ.